ಬಾರದ ಶತ್ರುವಿಗಾಗಿ ಕಟ್ಟಿದ ಊರು

(ನಮ್ಮ ಬಡಾವಣೆಯ ಓದುಗರ ಬಳಗದಲ್ಲಿ ಒಂದು ಭಾನುವಾರ ಸಂಜೆ ಆಡಿದ ಮಾತುಗಳಿವು. ಪರದೆಯ ಮೇಲೆ ಚಿತ್ರ ತೋರಿಸುತ್ತಾ ಹೇಳಿದ್ದು. ಬರೆಯುವಾಗ ಅಲ್ಲಲ್ಲಿ ತಿದ್ದಿದ್ದೇನೆ. ಕೊನೆಗೆ ಬಂದ ಪ್ರಶ್ನೆಗಳಲ್ಲಿ ಕೆಲವನ್ನು ಹಾಗೇ ಉಳಿಸಿಕೊಂಡಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಮೊದಲು ಒಂದು ಲೆಕ್ಕ. ನಮ್ಮ ಲಾಲ್‌ಬಾಗ್ ಎಷ್ಟು ದೊಡ್ಡದು? ಸುಮಾರು 240 ಎಕರೆ. ಇವತ್ತು ನಾನು ಹೇಳಹೊರಟಿರುವ ರಾಜಧಾನಿ, ಕೋಟೆಯೊಳಗಿನ ಊರು, 55 ಹೆಕ್ಟೇರ್. ಅಂದರೆ 136 ಎಕರೆ. ಲಾಲ್‌ಬಾಗಿನ ಅರ್ಧಕ್ಕಿಂತ ಒಂಚೂರು ಜಾಸ್ತಿ, ಅಷ್ಟೇ. ಅಷ್ಟರೊಳಗೆ ಪಾರ್ಲಿಮೆಂಟು, ಪ್ರಧಾನಿ ಕಚೇರಿ, ಕೋರ್ಟು, ಕೆಥೀಡ್ರಲ್ಲು, ನಾಟಕಶಾಲೆ, ಸಂತೆ ಎಲ್ಲವೂ ಇದೆ. ಯುನೆಸ್ಕೋದವರು 1980ರಲ್ಲಿ ಇದನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿದರು. ಇಷ್ಟು ಜಾಗದಲ್ಲಿ 320 ಸ್ಮಾರಕಗಳಿವೆ ಎಂಬುದು ಅವರ ಎಣಿಕೆ.

ಊರಿನ ಹೆಸರು ವಲೆಟ್ಟಾ. ಮಾಲ್ಟಾ ದೇಶದ ರಾಜಧಾನಿ. ಇಟಲಿಯ ಬೂಟು ಒದೆಯುತ್ತಿರುವ ಚೆಂಡಿನ ಹಾಗೆ ಸಿಸಿಲಿ ಇದೆಯಲ್ಲ, ಅದರ ದಕ್ಷಿಣಕ್ಕೆ ಸುಮಾರು 90 ಕಿಲೋಮೀಟರ್ ದೂರದಲ್ಲಿ, ಮೆಡಿಟರೇನಿಯನ್ ಸಮುದ್ರದ ನಟ್ಟನಡುವೆ ಈ ದ್ವೀಪ. ಐರೋಪ್ಯ ಒಕ್ಕೂಟದ ಅತಿ ಚಿಕ್ಕ ರಾಜಧಾನಿ ಇದು. ಊರೊಳಗೆ ಈಗ ವಾಸ ಮಾಡುವವರು 5 ಸಾವಿರದ ಆಸುಪಾಸು. ನಮ್ಮ ಬಡಾವಣೆಯಲ್ಲೇ ಅದಕ್ಕಿಂತ ಜಾಸ್ತಿ ಜನ ಇರಬಹುದು, ಅಲ್ವಾ?

ನಾನು ಎರಡು ಸಲ ಹೋಗಿದ್ದೇನೆ. ಮೊದಲ ಸಲ ಎಲ್ಲರ ಹಾಗೆ ಫೋಟೋ ತೆಗೆದು, ಐಸ್‌ಕ್ರೀಂ ತಿಂದು ಬಂದೆ. ಎರಡನೇ ಸಲ ಸುಮ್ನೆ ಬೀದಿ ಸುತ್ತುವಾಗ ಒಂದು ಪ್ರಶ್ನೆ ಹುಟ್ಟಿತು. ಈ ಊರಿನ ಬೀದಿಗಳು ಇಷ್ಟು ನೇರ ಯಾಕೆ? ಅಷ್ಟು ನೇರವಾಗಿ ಎಳೆದವರು ನೆಲ ಮಾತ್ರ ಮಟ್ಟ ಮಾಡದೆ ಮೆಟ್ಟಿಲು ಯಾಕೆ ಬಿಟ್ಟರು? ಮೂಲೆಮೂಲೆಯಲ್ಲೂ ಸಂತರ ಮೂರ್ತಿ ಯಾಕೆ? ಹುಡುಕುತ್ತಾ ಹೋದರೆ ಹೆಚ್ಚಿನ ಉತ್ತರಗಳು ಒಂದೇ ಕಡೆ ಹೋಗಿ ನಿಲ್ಲುತ್ತವೆ. ಈ ಊರನ್ನು ಕಟ್ಟಿಸಿದ್ದು ಭಯ.

ಯಾರ ಭಯ, ಯಾರಿಗೆ ಭಯ? ಅದಕ್ಕೆ ಸ್ವಲ್ಪ ಹಿಂದೆ ಹೋಗಬೇಕು.

ಹನ್ನೊಂದನೇ ಶತಮಾನದಲ್ಲಿ ಜೆರೂಸಲೇಮಿನಲ್ಲಿ ಕ್ರೈಸ್ತ ಯಾತ್ರಿಕರಿಗಾಗಿ ಒಂದು ಆಸ್ಪತ್ರೆ ಇತ್ತು. ಅದನ್ನು ನಡೆಸುತ್ತಿದ್ದ ಸನ್ಯಾಸಿಗಳ ಗುಂಪು ಬರಬರುತ್ತಾ ಕತ್ತಿ ಹಿಡಿಯಿತು. ಸೇಂಟ್ ಜಾನ್ ಪಂಥದ ನೈಟ್‌ಗಳು ಅಂದರೆ ಇವರೇ. ಒಂದು ಕೈಯಲ್ಲಿ ಔಷಧ, ಇನ್ನೊಂದರಲ್ಲಿ ಕತ್ತಿ. ಯುರೋಪಿನ ದೊಡ್ಡ ಮನೆತನಗಳ ಹುಡುಗರು ಬಂದು ಸೇರುತ್ತಿದ್ದರು. ಜೆರೂಸಲೇಮ್ ಹೋಯಿತು. 1291ರಲ್ಲಿ ಆಕರ್ ಕೋಟೆಯೂ ಹೋಯಿತು. ಆಮೇಲೆ ರೋಡ್ಸ್ ದ್ವೀಪದಲ್ಲಿ ಇನ್ನೂರು ವರ್ಷ ಇದ್ದರು. ಅಲ್ಲಿಂದಲೂ 1522ರಲ್ಲಿ ಆಟೋಮನ್ ಸುಲ್ತಾನ ಸುಲೇಮಾನ್ ಮುತ್ತಿಗೆ ಹಾಕಿ ಹೊರಡಿಸಿದ. ಏಳು ವರ್ಷ ಊರಿಂದೂರಿಗೆ ಅಲೆದರು. ಕೊನೆಗೆ 1530ರಲ್ಲಿ ಚಕ್ರವರ್ತಿ ಐದನೇ ಚಾರ್ಲ್ಸ್ ಮಾಲ್ಟಾ ದ್ವೀಪ ಕೊಟ್ಟ. ಬಾಡಿಗೆ ಎಷ್ಟು ಗೊತ್ತಾ? ವರ್ಷಕ್ಕೆ ಒಂದು ಗಿಡುಗ.

ನೈಟ್‌ಗಳಿಗೇನೂ ಖುಷಿ ಆಗಲಿಲ್ಲ. ಹಸಿರು ರೋಡ್ಸ್ ಬಿಟ್ಟು ಬಂದವರಿಗೆ ಸಿಕ್ಕಿದ್ದು ಮರವಿಲ್ಲದ, ನೀರಿಲ್ಲದ ಕಲ್ಲು ದ್ವೀಪ. ಆದರೆ ಒಂದು ಇತ್ತು. ಬಂದರು. ಸಮುದ್ರ ಒಳಕ್ಕೆ ನುಗ್ಗಿ, ಕೈಬೆರಳುಗಳ ಹಾಗೆ ಕವಲೊಡೆದ ಆಳವಾದ ಬಂದರು. ಅದರ ದಂಡೆಯ ಬಿರ್ಗು ಎಂಬ ಪುಟ್ಟ ಊರಲ್ಲಿ ಇಳಿದುಕೊಂಡರು. ಅಲ್ಲಿಂದ ಆಟೋಮನ್ ಹಡಗುಗಳನ್ನು ದೋಚುವ ಕೆಲಸ ಶುರು ಮಾಡಿದರು. ಇವರೇನೂ ಸಾಧುಗಳಲ್ಲ, ಅದನ್ನು ಮರೆಯಬಾರದು. ಹಡಗು ಹಿಡಿದರೆ ಸಾಮಾನಿನ ಜೊತೆ ಜನರನ್ನೂ ಹಿಡಿದು ಗುಲಾಮರನ್ನಾಗಿ ಮಾಡುತ್ತಿದ್ದರು. ಆ ಕಡೆಯವರೂ ಅದನ್ನೇ ಮಾಡುತ್ತಿದ್ದರು. ನಮ್ಮ ಕತೆಯ ನಾಯಕ ಜಾನ್ ಪಾರಿಸೋ ದ ವಲೆಟ್ ಕೂಡ ಸೆರೆಸಿಕ್ಕಿ, ಸುಮಾರು ಒಂದು ವರ್ಷ ಗುಲಾಮನಾಗಿ ಹಡಗಿನ ಹುಟ್ಟು ಹಾಕಿದ್ದವನು. ಆಮೇಲೆ ಬಿಡುಗಡೆಯಾಗಿ ಬಂದು ಪಂಥದ ಗ್ರ್ಯಾಂಡ್ ಮಾಸ್ಟರ್, ಅಂದರೆ ಮುಖ್ಯಸ್ಥ ಆದ.

1565ರ ಮೇ 18. ಆಟೋಮನ್ ನೌಕಾಪಡೆ ಮಾಲ್ಟಾದ ಕಣ್ಣಿಗೆ ಬಿತ್ತು. 1565 ಅಂದ ಕೂಡಲೇ ನಮಗೆ ನೆನಪಾಗುವುದು ರಕ್ಕಸತಂಗಡಿ. ಅದು ಅದೇ ವರ್ಷದ ಜನವರಿ. ಎರಡಕ್ಕೂ ಏನೂ ಸಂಬಂಧ ಇಲ್ಲ, ಇಸವಿ ತಲೆಯಲ್ಲಿ ಕೂರಲಿ ಅಂತ ಹೇಳಿದೆ. ಬಂದ ಸೈನ್ಯ 30 ಸಾವಿರಕ್ಕೂ ಹೆಚ್ಚು ಎನ್ನುತ್ತಾರೆ. ಒಳಗಿದ್ದವರು 6ರಿಂದ 9 ಸಾವಿರ. ಅದರಲ್ಲಿ ನೈಟ್‌ಗಳು 500ರ ಸುಮಾರು. ಉಳಿದವರು ಬಾಡಿಗೆ ಸಿಪಾಯಿಗಳು ಮತ್ತು ಮಾಲ್ಟಾದ ರೈತರು, ಬೆಸ್ತರು. ಗೆದ್ದ ಕತೆಯಲ್ಲಿ ನೈಟ್‌ಗಳ ಹೆಸರಿದೆ, ಸತ್ತವರಲ್ಲಿ ಬಹಳ ಜನ ಈ ಊರವರು.

ಈಗ ಪರದೆಯ ಮೇಲಿನ ನಕ್ಷೆ ನೋಡಿ. ಬಂದರಿನ ಈ ಕಡೆ ಬಿರ್ಗು, ಅಲ್ಲಿ ಸೇಂಟ್ ಆ್ಯಂಜೆಲೋ ಕೋಟೆ. ಎದುರಿಗೆ ಸಮುದ್ರಕ್ಕೆ ನಾಲಿಗೆಯ ಹಾಗೆ ಚಾಚಿದ ಬೋಳುಗುಡ್ಡ. ಅದರ ಹೆಸರು ಶಿಬೆರಾಸ್. ಗುಡ್ಡದ ತುದಿಯಲ್ಲಿ ಸೇಂಟ್ ಎಲ್ಮೋ ಎಂಬ ಚಿಕ್ಕ ಕೋಟೆ. ಗುಡ್ಡದ ಮೇಲೆ ಬೇರೇನೂ ಇಲ್ಲ. ತುರ್ಕರು, ಅಂದರೆ ಆಟೋಮನ್ ಸೈನ್ಯದವರು, ಸೀದಾ ಆ ಖಾಲಿ ಗುಡ್ಡ ಹತ್ತಿ ಫಿರಂಗಿ ಕೂರಿಸಿದರು. ಎಲ್ಮೋ ಕೋಟೆ ನಾಲ್ಕೈದು ದಿನದಲ್ಲಿ ಬೀಳುತ್ತದೆ ಎಂದುಕೊಂಡಿದ್ದರು. ಬಿದ್ದದ್ದು ಜೂನ್ 23ಕ್ಕೆ. ಹತ್ತಿರಹತ್ತಿರ ಒಂದು ತಿಂಗಳು. ಆ ಹೊತ್ತಿಗೆ ಅವರ ಕಡೆಯ ಸಾವಿರಾರು ಜನ ಸತ್ತಿದ್ದರು. ಮೆಡಿಟರೇನಿಯನ್ನಿನ ಹೆಸರಾಂತ ನೌಕಾಧಿಪತಿ ತುರ್ಗುತ್ ರೈಸ್ ಕೂಡ ಗಾಯಗೊಂಡು ಸತ್ತ.

ಆಮೇಲೆ ನಡೆದದ್ದು ಹೇಳಲು ಚೆನ್ನಾಗಿಲ್ಲ, ಆದರೂ ಹೇಳುತ್ತೇನೆ. ತುರ್ಕರು ಸತ್ತ ನೈಟ್‌ಗಳ ದೇಹಗಳನ್ನು ಮರದ ಶಿಲುಬೆಗೆ ಕಟ್ಟಿ ಬಂದರಿನ ನೀರಿನಲ್ಲಿ ತೇಲಿಬಿಟ್ಟರಂತೆ. ದ ವಲೆಟ್ ತನ್ನ ಹತ್ತಿರ ಇದ್ದ ತುರ್ಕ ಕೈದಿಗಳ ತಲೆ ಕಡಿಸಿ, ಫಿರಂಗಿಯಲ್ಲಿ ತುಂಬಿ ಆಚೆ ದಡಕ್ಕೆ ಹಾರಿಸಿದನಂತೆ. ಆಗ ಅವನಿಗೆ ಎಪ್ಪತ್ತರ ಸುಮಾರು. ಮುತ್ತಿಗೆ ಬೇಸಗೆಯುದ್ದಕ್ಕೂ ನಡೆಯಿತು. ಸೆಪ್ಟೆಂಬರಿನಲ್ಲಿ ಸಿಸಿಲಿಯಿಂದ ನೆರವಿನ ಪಡೆ ಇಳಿದ ಮೇಲೆ ತುರ್ಕರು ಹಡಗು ಹತ್ತಿದರು. ಸೆಪ್ಟೆಂಬರ್ 8 ಇವತ್ತಿಗೂ ಮಾಲ್ಟಾದಲ್ಲಿ ವಿಜಯದ ದಿನ, ರಜೆ.

ಗೆದ್ದರು, ಸರಿ. ಉಳಿದದ್ದೇನು? ಒಡೆದ ಗೋಡೆ, ಖಾಲಿ ಖಜಾನೆ. ಮಾಲ್ಟಾ ಬಿಟ್ಟೇ ಹೋಗೋಣ ಎನ್ನುವವರೂ ಪಂಥದಲ್ಲಿದ್ದರು. ಮುಂದಿನ ಬೇಸಗೆಗೆ ತುರ್ಕರು ಮತ್ತೆ ಬಂದೇ ಬರುತ್ತಾರೆ ಎಂದು ಎಲ್ಲರೂ ನಂಬಿದ್ದರು. ದ ವಲೆಟ್ ಒಂದೇ ಪಾಠ ಕಲಿತಿದ್ದ: ಆ ಬೋಳುಗುಡ್ಡ ಖಾಲಿ ಬಿಡಬಾರದು. ಅದರ ಮೇಲೆ ಒಂದು ಊರನ್ನೇ ಕಟ್ಟಬೇಕು. ಪೋಪ್ ಐದನೇ ಪಿಯುಸ್ ಹಣ ಕೊಟ್ಟ. ಪೋಪನ ಕಡೆಯಿಂದ ಎಂಜಿನಿಯರ್ ಫ್ರಾನ್ಸೆಸ್ಕೋ ಲಾಪರೆಲ್ಲಿಯೂ ಬಂದ. ಸ್ಪೇನಿನ ರಾಜ ಮತ್ತು ಬೇರೆ ದೊರೆಗಳೂ ಕೈ ಜೋಡಿಸಿದರು. 1566ರ ಮಾರ್ಚ್ 28ರಂದು ಅಡಿಗಲ್ಲು ಬಿತ್ತು. ಮುತ್ತಿಗೆ ಮುಗಿದು ಏಳು ತಿಂಗಳೂ ಆಗಿರಲಿಲ್ಲ.

ಲಾಪರೆಲ್ಲಿ ಕಾಗದದ ಮೇಲೆ ಚದುರಂಗದ ಹಾಸಿನ ಹಾಗೆ ಗೆರೆ ಎಳೆದ. ಮೊದಲ ಯೋಚನೆ ಗುಡ್ಡವನ್ನು ತಟ್ಟೆಯ ಹಾಗೆ ಮಟ್ಟ ಮಾಡಿ ಅದರ ಮೇಲೆ ಊರು ಕೂರಿಸುವುದು. ಆದರೆ ತುರ್ಕರು ಬಂದರೆ? ಅಷ್ಟು ಕಲ್ಲು ಕಡಿಯಲು ಪುರಸೊತ್ತು ಎಲ್ಲಿ? ಹಾಗಾಗಿ ಗೆರೆ ನೇರವಾಗೇ ಉಳಿಯಿತು, ಗುಡ್ಡ ಗುಡ್ಡವಾಗೇ ಉಳಿಯಿತು. ಬೀದಿ ಏರುವಲ್ಲಿ ಏರುತ್ತದೆ, ಇಳಿಯುವಲ್ಲಿ ಇಳಿಯುತ್ತದೆ, ತೀರಾ ಕಡಿದಾದಲ್ಲಿ ಮೆಟ್ಟಿಲಾಗುತ್ತದೆ. ವಲೆಟ್ಟಾದ ಮೆಟ್ಟಿಲು ಹತ್ತುವಾಗ ನಿಮ್ಮ ಮೊಣಕಾಲು ನೊಂದರೆ ಅದಕ್ಕೆ ಕಾರಣ ಸುಲೇಮಾನ್ ಸುಲ್ತಾನ.

ಇನ್ನೊಂದು ಅರ್ಧಕ್ಕೆ ನಿಂತ ಕೆಲಸವೂ ಇದೆ. ಊರಿನ ಪಡುವಣ ಬದಿಯಲ್ಲಿ ಬಂಡೆ ಕಡಿದು ಹಡಗು ನಿಲ್ಲಿಸುವ ಒಳಬಂದರು ಮಾಡಬೇಕೆಂದು ಹೊರಟರು. ಕಡಿದ ಕಲ್ಲೇ ಮನೆಗಳಿಗೂ ಆಯಿತು ಎಂಬ ಲೆಕ್ಕ. ಕೆಲಸ ಮುಗಿಯಲಿಲ್ಲ. ಆ ಗುಂಡಿಯಲ್ಲಿ ಬಡವರು ಮನೆ ಕಟ್ಟಿಕೊಂಡರು. ಮಾಂಡ್ರಾಜ್ ಎಂಬ ಹೆಸರಿನ ಆ ಕೇರಿ ಬಿಸಿಲು ಗಾಳಿ ಇಲ್ಲದ ಕೊಳೆಗೇರಿಯಾಗಿ ಇಪ್ಪತ್ತನೇ ಶತಮಾನದವರೆಗೂ ಇತ್ತು. ಮಹಡಿ ಮನೆಗಳ ಸಾಲು ತೋರಿಸುವ ಗೈಡುಗಳು ಇದನ್ನು ತೋರಿಸುವುದು ಕಡಿಮೆ.

ಮನೆ ಕಟ್ಟುವವರಿಗೂ ಕಟ್ಟುನಿಟ್ಟಿನ ನಿಯಮಗಳಿದ್ದವು. ಪ್ರತಿ ಮನೆಯ ಕೆಳಗೂ ಬಂಡೆ ಕೊರೆದು ಮಳೆನೀರಿನ ತೊಟ್ಟಿ ಇರಲೇಬೇಕು. ಮತ್ತೆ ಮುತ್ತಿಗೆ ಬಿದ್ದರೆ ಕುಡಿಯಲು ನೀರು ಬೇಕಲ್ಲ! ಕೊಳೆನೀರು ಹೋಗಲು ಚರಂಡಿ ಬೇಕು. ಮನೆ ಮುಂದೆ ತೋಟ ಬಿಡಬಾರದು. ಮನೆಗೂ ಮನೆಗೂ ನಡುವೆ ಸಂದಿ ಬಿಡಬಾರದು. ಬೀದಿಗೆ ಚಾಚಬಾರದು. ಮೂಲೆ ಮನೆಯಾದರೆ ಆ ಮೂಲೆಯನ್ನು ಅಂದಗೊಳಿಸಬೇಕು. ಮೂಲೆಗಳಲ್ಲಿ ಗೂಡು, ಗೂಡಿನಲ್ಲಿ ಸಂತರು ಕಾಣುವುದು ಅದಕ್ಕೇ. 450 ವರ್ಷದ ಹಿಂದಿನ ಬೈಲಾ ಇದು. ನಮ್ಮಲ್ಲಿ ಸೆಟ್‌ಬ್ಯಾಕ್ ಬಿಡಿ ಎಂದು ಹೇಳಿ ಹೇಳಿ ಸಾಕಾಗಿದೆ. ಅಲ್ಲಿ ಬಿಡಬೇಡಿ ಎಂದರು, ಎಲ್ಲರೂ ಕೇಳಿದರು!

ಲಾಪರೆಲ್ಲಿ 1569ರಲ್ಲಿ ಹೊರಟುಹೋದ. ಕೆಲಸ ಮುಂದುವರಿಸಿದವನು ಅವನ ಸಹಾಯಕ, ಮಾಲ್ಟಾದವನೇ ಆದ ಜಿರೋಲಮೊ ಕಸಾರ್. ಹೆಸರು ಕೊಟ್ಟ ದ ವಲೆಟ್ ಊರು ಮುಗಿದದ್ದನ್ನು ನೋಡಲಿಲ್ಲ. 1568ರಲ್ಲಿ ತೀರಿಕೊಂಡ. ಪಂಥ ತನ್ನ ಸಂಸಾರ ಎತ್ತಿಕೊಂಡು ಬಿರ್ಗುವಿನಿಂದ ಹೊಸ ಊರಿಗೆ ಬಂದದ್ದು 1571ರಲ್ಲಿ. ತೊಟ್ಟಿ ನೀರು ಸಾಲದೆ ಬಂತು. ಆಗ ಗ್ರ್ಯಾಂಡ್ ಮಾಸ್ಟರ್ ವಿನ್ಯಾಕೂರ್ 1615ರ ಹೊತ್ತಿಗೆ ಹದಿನೈದು ಕಿಲೋಮೀಟರಿಗೂ ದೂರದ ಬುಗ್ಗೆಗಳಿಂದ ಕಾಲುವೆ ಕಟ್ಟಿಸಿ ನೀರು ತರಿಸಿದ. ದಾರಿಯಲ್ಲಿ ಅದರ ಕಮಾನುಗಳು ಈಗಲೂ ನಿಂತಿವೆ.

ತುರ್ಕರು ಬಂದರಾ? ಇಲ್ಲ. ಈ ಗೋಡೆಗಳ ಮುಂದೆ ಮತ್ತೆ ಯಾವತ್ತೂ ಬಂದು ನಿಲ್ಲಲಿಲ್ಲ.

ಕಾಯುತ್ತಾ ಕೂತ ಸೈನಿಕ ಸನ್ಯಾಸಿಗಳು ಏನು ಮಾಡಬೇಕು? ಅಲಂಕಾರ ಮಾಡಿದರು. ಸೇಂಟ್ ಜಾನ್ ಕೋ-ಕೆಥೀಡ್ರಲ್ ನೋಡಿದರೆ ಇದು ಕಣ್ಣಿಗೆ ಕಟ್ಟುತ್ತದೆ. ಕಸಾರ್ ಕಟ್ಟಿದ ಹೊರಮೈ ಉಗ್ರಾಣದಷ್ಟು ಬೋಳು. ಅದು ಇನ್ನೂ ಮುತ್ತಿಗೆಯ ಮರುದಿನದ ಕಟ್ಟಡ. ಬಾಗಿಲು ದಾಟಿದರೆ ಕಣ್ಣು ಕುಕ್ಕುವ ಚಿನ್ನ. ಅದು ನೂರು ವರ್ಷದ ನಂತರದ ಮನಸ್ಸು. 1660ರ ದಶಕದಲ್ಲಿ ಮತ್ತಿಯಾ ಪ್ರೆತಿ ಎಂಬ ಚಿತ್ರಕಾರ ಚಾವಣಿಯ ಸುಣ್ಣಕಲ್ಲಿನ ಮೇಲೇ ನೇರವಾಗಿ ಎಣ್ಣೆಬಣ್ಣ ಬಳಿದ. ನೆಲದ ತುಂಬಾ ಬಣ್ಣಬಣ್ಣದ ಅಮೃತಶಿಲೆಯ ಸಮಾಧಿ ಹಾಸು, ಸುಮಾರು 400. ಕೆಳಗೆ ನೈಟ್‌ಗಳು, ಮೇಲೆ ನಾವು. ಹಾಸುಗಳ ಮೇಲೆ ಅಸ್ಥಿಪಂಜರಗಳು ಕುಡುಗೋಲು ಹಿಡಿದು ನಿಂತಿವೆ. ಚೂಪು ಹಿಮ್ಮಡಿಯ ಚಪ್ಪಲಿ ಹಾಕಿಕೊಂಡು ಹೋದರೆ ಒಳಗೆ ಬಿಡುವುದಿಲ್ಲ. ಕಲ್ಲು ಹಾಳಾಗುತ್ತದೆ.

ಆದರೆ ಅಲ್ಲಿ ನಾನು ಜಾಸ್ತಿ ಹೊತ್ತು ನಿಂತದ್ದು ಪಕ್ಕದ ಪ್ರಾರ್ಥನಾ ಕೋಣೆಯಲ್ಲಿ.

ಕರವಾಜೊ. ಇಟಲಿಯ ಮಹಾ ಚಿತ್ರಕಾರ, ಮಹಾ ಜಗಳಗಂಟ. 1606ರಲ್ಲಿ ರೋಮಿನಲ್ಲಿ ಒಬ್ಬನನ್ನು ಕೊಂದು ಓಡಿದ. ತಲೆಯ ಮೇಲೆ ಮರಣದಂಡನೆ ತೂಗುತ್ತಿತ್ತು. ಮರುವರ್ಷ ಮಾಲ್ಟಾಕ್ಕೆ ಬಂದ. ನೈಟ್ ಆಗಿಬಿಟ್ಟರೆ ಗೌರವವೂ ಸಿಗುತ್ತದೆ, ಕ್ಷಮೆಯೂ ಸಿಗಬಹುದು ಎಂಬ ಆಸೆ. ಗ್ರ್ಯಾಂಡ್ ಮಾಸ್ಟರಿಗೂ ಇಂಥ ಕಲಾವಿದ ಬೇಕಿತ್ತು. 1608ರ ಜುಲೈನಲ್ಲಿ ಅವನಿಗೆ ದೀಕ್ಷೆ ಕೊಟ್ಟರು. ಅವನು ಪಂಥಕ್ಕಾಗಿ ಬರೆದ ಚಿತ್ರ ಸ್ನಾನಿಕ ಯೋಹಾನನ ಶಿರಚ್ಛೇದ. ಐದು ಮೀಟರಿಗೂ ಹೆಚ್ಚು ಅಗಲ. ಅರ್ಧಕ್ಕರ್ಧ ಕತ್ತಲೆ. ಸೆರೆಮನೆಯ ಅಂಗಳ. ಕತ್ತಿಯ ಏಟು ಬಿದ್ದಾಗಿದೆ, ತಲೆ ಇನ್ನೂ ಪೂರ್ತಿ ಬೇರೆಯಾಗಿಲ್ಲ. ಕಟುಕ ಸೊಂಟದ ಚೂರಿಗೆ ಕೈ ಹಾಕಿದ್ದಾನೆ. ಕಿಟಕಿಯಿಂದ ಇಬ್ಬರು ಕೈದಿಗಳು ಕತ್ತು ಚಾಚಿ ನೋಡುತ್ತಿದ್ದಾರೆ. ಕತ್ತಿನಿಂದ ಹರಿದ ರಕ್ತದಲ್ಲಿ ಚಿತ್ರಕಾರ ತನ್ನ ಸಹಿ ಹಾಕಿದ್ದಾನೆ. ಅವನು ಸಹಿ ಹಾಕಿದ ಚಿತ್ರ ಇದೊಂದೇ. ಹೆಸರಿಗೆ ಮುಂಚೆ ಒಂದು ಸಣ್ಣ ‘ಎಫ್’ ಇದೆ. ಫ್ರಾ, ಅಂದರೆ ಸಹೋದರ. ನಾನೂ ಈಗ ನಿಮ್ಮವನು ಎಂಬ ಹೆಮ್ಮೆ.

ಆ ಹೆಮ್ಮೆ ಕೆಲವು ವಾರ ಬಾಳಿತು. ಆಗಸ್ಟಿನಲ್ಲಿ ಜಗಳವಾಗಿ ಒಬ್ಬ ಹಿರಿಯ ನೈಟ್‌ಗೆ ಗಾಯವಾಯಿತು. ಕರವಾಜೊನನ್ನು ಸೇಂಟ್ ಆ್ಯಂಜೆಲೋ ಕೋಟೆಗೆ ಹಾಕಿದರು. ಅಕ್ಟೋಬರಿನಲ್ಲಿ ಹಗ್ಗ ಇಳಿಬಿಟ್ಟು ಸಿಸಿಲಿಗೆ ಪರಾರಿ. ಡಿಸೆಂಬರ್ 1ರಂದು ಪಂಥ ಸಭೆ ಸೇರಿ, ಕೊಳೆತ ಅಂಗವನ್ನು ಕತ್ತರಿಸಿ ಎಸೆದ ಹಾಗೆ, ಅವನನ್ನು ಹೊರಹಾಕಿತು. ಸಭೆ ಸೇರಿದ್ದು ಎಲ್ಲಿ? ಇದೇ ಕೋಣೆಯಲ್ಲಿ, ಇದೇ ಚಿತ್ರದ ಎದುರು. ‘ಫ್ರಾ’ ಎಂಬ ಸಹಿ ಗೋಡೆಯ ಮೇಲಿಂದ ನೋಡುತ್ತಿತ್ತು. ಯಾರೂ ಅದನ್ನು ಅಳಿಸಲಿಲ್ಲ.

ಆಸ್ಪತ್ರೆಯ ಬಗ್ಗೆ ಎರಡು ಮಾತು ಹೇಳಲೇಬೇಕು, ಯಾಕೆಂದರೆ ಇವರು ಶುರು ಮಾಡಿದ್ದೇ ಅಲ್ಲಿಂದ. 1570ರ ದಶಕದಲ್ಲಿ ಕಟ್ಟಿದ ಸಾಕ್ರಾ ಇನ್ಫರ್ಮೆರಿಯಾ ಎಂಬ ಆಸ್ಪತ್ರೆಯ ದೊಡ್ಡ ವಾರ್ಡು 155 ಮೀಟರ್ ಉದ್ದ. ಆ ಕಾಲಕ್ಕೆ ಯುರೋಪಿನ ಅತಿ ಉದ್ದದ ಕೋಣೆಗಳಲ್ಲಿ ಒಂದು. ರೋಗಿಗಳಿಗೆ ಊಟ ಬೆಳ್ಳಿ ತಟ್ಟೆಯಲ್ಲಿ. ಚೊಕ್ಕವಾಗಿಡಲು ಸುಲಭ ಎಂಬುದೂ ಒಂದು ಕಾರಣ. ಈ ಬೆಳ್ಳಿ ನೆನಪಿಟ್ಟುಕೊಳ್ಳಿ, ಮುಂದೆ ಬರುತ್ತದೆ.

1798ರ ಜೂನ್. ಗೋಡೆ ಕಟ್ಟಿ 230 ವರ್ಷ ಆಗಿತ್ತು. ಕೊನೆಗೂ ಒಂದು ದೊಡ್ಡ ನೌಕಾಪಡೆ ಬಂತು. ತುರ್ಕರದ್ದಲ್ಲ, ಫ್ರೆಂಚರದ್ದು. ಈಜಿಪ್ಟಿಗೆ ಹೊರಟಿದ್ದ ನೆಪೋಲಿಯನ್ ಬೊನಾಪಾರ್ಟೆ, ಹಡಗುಗಳಿಗೆ ಕುಡಿಯುವ ನೀರು ಬೇಕು ಎಂದ. ಒಂದು ಸಲಕ್ಕೆ ನಾಲ್ಕು ಹಡಗು ಮಾತ್ರ ಬರಬಹುದು ಎಂದರು ನೈಟ್‌ಗಳು. ಅಷ್ಟು ನೆಪ ಸಾಕಾಯಿತು. ಒಳಗಿನ ಸ್ಥಿತಿ ಏನು? ಫ್ರೆಂಚ್ ಕ್ರಾಂತಿ ಪಂಥದ ಜಮೀನುಗಳನ್ನೆಲ್ಲ ಮುಟ್ಟುಗೋಲು ಹಾಕಿ ದಿವಾಳಿ ಎಬ್ಬಿಸಿತ್ತು. ನೈಟ್‌ಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಜನ ಫ್ರೆಂಚರೇ. ಕ್ರೈಸ್ತರ ಮೇಲೆ ಕತ್ತಿ ಎತ್ತುವುದಿಲ್ಲ ಎಂಬ ನಿಯಮ ಬೇರೆ. ಮೂರು ದಿನದಲ್ಲಿ ಶರಣು. ಒಳಗಿನಿಂದ ಬಾಗಿಲು ತೆಗೆಯುವವರು ಇದ್ದದ್ದು ನಮ್ಮ ಪುಣ್ಯ, ಇಲ್ಲದಿದ್ದರೆ ಈ ಕೋಟೆಯೊಳಗೆ ಬರುತ್ತಲೇ ಇರಲಿಲ್ಲ ಎಂಬರ್ಥದ ಮಾತನ್ನು ನೆಪೋಲಿಯನ್ನನ ಸೇನಾನಿ ಕಾಫರೆಲ್ಲಿ ಆಡಿದ್ದ.

ನೆಪೋಲಿಯನ್ ಅಲ್ಲಿದ್ದದ್ದು ಒಂದು ವಾರವೂ ಇಲ್ಲ. ಅಷ್ಟರಲ್ಲಿ ಕಾನೂನು ಬದಲಾಯಿಸಿದ, ಗುಲಾಮಗಿರಿ ರದ್ದು ಮಾಡಿದ, ಮುಸ್ಲಿಂ ಗುಲಾಮರನ್ನು ಬಿಡಿಸಿದ. ಅದು ಒಳ್ಳೆಯದು. ಜೊತೆಗೆ ಚರ್ಚುಗಳ ಮತ್ತು ಆಸ್ಪತ್ರೆಯ ಬೆಳ್ಳಿ ಬಾಚಿ, ಕರಗಿಸಿ ಹಡಗಿಗೆ ತುಂಬಿದ. ಲೂಟಿಯಲ್ಲಿ ಒಂದಷ್ಟು ಅವನ ದೊಡ್ಡ ಹಡಗು ಲೋರಿಯಾಂ ಮೇಲಿತ್ತು. ಆಗಸ್ಟ್ 1ರ ರಾತ್ರಿ ಈಜಿಪ್ಟಿನ ಅಬೂಕೀರ್ ಕೊಲ್ಲಿಯಲ್ಲಿ ಇಂಗ್ಲಿಷ್ ನೌಕಾಧಿಪತಿ ನೆಲ್ಸನ್ ಜೊತೆ ನಡೆದ ಕದನದಲ್ಲಿ ಆ ಹಡಗು ಸಿಡಿದು ಮುಳುಗಿತು.

ಇದೇ ದಂಡಯಾತ್ರೆಗೂ ಶ್ರೀರಂಗಪಟ್ಟಣಕ್ಕೂ ನಂಟಿದೆ. ಇದು ಇಸವಿಯ ನಂಟಲ್ಲ, ನಿಜವಾದದ್ದು. ಮಾಲ್ಟಾದಿಂದ ಈಜಿಪ್ಟಿಗೆ ಹೋದ ನೆಪೋಲಿಯನ್, 1799ರ ಜನವರಿಯಲ್ಲಿ ಕೈರೋದಿಂದ ಟಿಪ್ಪು ಸುಲ್ತಾನನಿಗೆ ಪತ್ರ ಬರೆದ. ದೊಡ್ಡ ಸೈನ್ಯದೊಂದಿಗೆ ಕೆಂಪು ಸಮುದ್ರದ ಅಂಚಿಗೆ ಬಂದಿದ್ದೇನೆ, ಇಂಗ್ಲಿಷರಿಂದ ನಿಮ್ಮನ್ನು ಬಿಡಿಸುವ ಆಸೆ ಇದೆ ಎಂದು. ಪತ್ರ ದಾರಿಯಲ್ಲೇ ಇಂಗ್ಲಿಷರ ಕೈಗೆ ಸಿಕ್ಕಿತು. ಮೇ 4ಕ್ಕೆ ಶ್ರೀರಂಗಪಟ್ಟಣ ಬಿತ್ತು.

ಆ ಹೊತ್ತಿಗೆ ವಲೆಟ್ಟಾದಲ್ಲಿ ಏನಾಗುತ್ತಿತ್ತು? ಚರ್ಚಿನ ಆಸ್ತಿ ಹರಾಜು ಹಾಕಲು ಹೊರಟ ಫ್ರೆಂಚರ ಮೇಲೆ 1798ರ ಸೆಪ್ಟೆಂಬರಿನಲ್ಲಿ ಮಾಲ್ಟಾದ ಜನ ತಿರುಗಿಬಿದ್ದಿದ್ದರು. ಫ್ರೆಂಚರು ವಲೆಟ್ಟಾದೊಳಗೆ ಓಡಿ ಬಾಗಿಲು ಹಾಕಿಕೊಂಡರು. ಎಂಥ ತಮಾಷೆ ನೋಡಿ. ತುರ್ಕರನ್ನು ತಡೆಯಲು ಕಟ್ಟಿದ ಗೋಡೆ ಕೊನೆಗೆ ಕೆಲಸಕ್ಕೆ ಬಂದದ್ದು ಮಾಲ್ಟಾದವರನ್ನೇ ತಡೆಯಲು! ಒಳಗಿಂದ ಬಾಗಿಲು ತೆಗೆಸಲು ದುನ್ ಮಿಕೀಲ್ ಶೆರ್ರಿ ಎಂಬ ಪಾದ್ರಿ ಸಂಚು ಮಾಡಿ ಸಿಕ್ಕಿಬಿದ್ದ. 1799ರ ಜನವರಿ 17ರಂದು ಅರಮನೆಯ ಮುಂದಿನ ಚೌಕದಲ್ಲಿ ಅವನನ್ನು ಗುಂಡಿಟ್ಟು ಕೊಂದರು. ಗೋಡೆ ಬೀಳಲೇ ಇಲ್ಲ. ಎರಡು ವರ್ಷದ ಮೇಲೆ, 1800ರ ಸೆಪ್ಟೆಂಬರಿನಲ್ಲಿ, ಹಸಿವು ತಾಳದೆ ಫ್ರೆಂಚರು ಶರಣಾದರು. ನೆರವಿಗೆ ಬಂದಿದ್ದ ಇಂಗ್ಲಿಷರು ಹೋಗಲೇ ಇಲ್ಲ, 1964ರವರೆಗೆ ಆಳಿದರು. ನೆರವಿಗೆ ಬಂದವರು ಉಳಿದುಕೊಳ್ಳುವ ಕತೆ ನಮಗೆ ಹೊಸದಲ್ಲ.

ಬ್ರಿಟಿಷರ ಕಾಲವನ್ನು ಬೇಗ ದಾಟುತ್ತೇನೆ. ಬಂದರು ಅವರ ನೌಕಾಪಡೆಯ ಮನೆಯಾಯಿತು. ಸ್ಟ್ರೇಟ್ ಸ್ಟ್ರೀಟ್ ಎಂಬ ಕಿರಿದಾದ ಗಲ್ಲಿ ನಾವಿಕರ ಹೆಂಡದಂಗಡಿ, ಹಾಡು ಕುಣಿತದ ಅಡ್ಡೆಯಾಯಿತು. 1878ರಲ್ಲಿ ರಷ್ಯಾವನ್ನು ಹೆದರಿಸಲು ಬ್ರಿಟಿಷರು ಸುಮಾರು 7 ಸಾವಿರ ಭಾರತೀಯ ಸಿಪಾಯಿಗಳನ್ನು ಹಡಗಿನಲ್ಲಿ ಮಾಲ್ಟಾಕ್ಕೆ ತಂದಿಳಿಸಿದರು. ಯುದ್ಧ ಆಗಲಿಲ್ಲ, ಅವರು ಗುಡಾರ ಕಿತ್ತುಕೊಂಡು ಹೊರಟರು. ಅದೇ ಶತಮಾನದ ಕೊನೆಗೆ ಸಿಂಧಿ ವ್ಯಾಪಾರಿಗಳು ಬಂದು ವಲೆಟ್ಟಾದಲ್ಲಿ ರೇಷ್ಮೆ, ಕುಸುರಿ ಸಾಮಾನಿನ ಅಂಗಡಿ ಇಟ್ಟರು. ಅವರ ಮೊಮ್ಮಕ್ಕಳು, ಮರಿಮಕ್ಕಳು ಈಗ ಮಾಲ್ಟಾದವರೇ. ಇತ್ತೀಚೆಗೆ ಹೋದವರು ಬೇರೆ ಜನ: ಬಸ್ ಓಡಿಸುವವರು, ನರ್ಸುಗಳು. ನಾನು ಹತ್ತಿದ ಒಂದು ಬಸ್ಸಿನ ಡ್ರೈವರ್ ಕನ್ನಡಿಯಲ್ಲಿ ನನ್ನ ಮುಖ ನೋಡಿ, ಹಿಂದಿಯಲ್ಲಿ ಯಾವ ಊರು ಎಂದು ಕೇಳಿದ.

ಎರಡನೇ ಮಹಾಯುದ್ಧ. ವಲೆಟ್ಟಾದ ಎರಡನೇ ಮುತ್ತಿಗೆ ಇದು, ಈ ಸಲ ಆಕಾಶದಿಂದ. 1942ರ ಮೊದಲ ತಿಂಗಳುಗಳಲ್ಲಿ ಒಂದು ದಿನವೂ ಬಿಡದೆ ಬಾಂಬು ಬಿತ್ತು. ಜನ ಬಂಡೆ ಕೊರೆದು ನೆಲದಡಿ ಇಳಿದರು. ಮುಚ್ಚಿಹೋಗಿದ್ದ ಹಳೇ ರೈಲಿನ ಸುರಂಗದಲ್ಲೂ ಸಂಸಾರ ಹೂಡಿದರು. ಏಪ್ರಿಲ್ 7ರಂದು ಊರಿನ ಬಾಗಿಲ ಪಕ್ಕದ ರಾಯಲ್ ಆಪೆರಾ ಹೌಸ್ ನೆಲಸಮವಾಯಿತು. ಅದೇ ತಿಂಗಳ 15ರಂದು ಬ್ರಿಟನ್ನಿನ ದೊರೆ ಇಡೀ ದ್ವೀಪಕ್ಕೆ ಜಾರ್ಜ್ ಕ್ರಾಸ್ ಎಂಬ ಶೌರ್ಯಪದಕ ಕೊಟ್ಟ. ಮಾಲ್ಟಾದ ಬಾವುಟದ ಮೂಲೆಯಲ್ಲಿ ಅದು ಇವತ್ತಿಗೂ ಇದೆ. ಪದಕದಿಂದ ಹೊಟ್ಟೆ ತುಂಬುವುದಿಲ್ಲ. ಆಗಸ್ಟಿನಲ್ಲಿ 14 ಸರಕು ಹಡಗುಗಳು ಹೊರಟವು, ದಡ ಮುಟ್ಟಿದ್ದು 5. ಕೊನೆಯದು ಒಹಾಯೋ ಎಂಬ ಎಣ್ಣೆ ಹಡಗು. ಬಾಂಬು ತಿಂದು ಮುಳುಗುತ್ತಿದ್ದ ಅದನ್ನು ಎರಡು ಯುದ್ಧ ಹಡಗುಗಳ ನಡುವೆ ಕಟ್ಟಿ, ಕುಡಿದವನನ್ನು ಇಬ್ಬರು ಹೆಗಲು ಕೊಟ್ಟು ಕರೆತಂದ ಹಾಗೆ, ಆಗಸ್ಟ್ 15ರಂದು ಬಂದರಿಗೆ ತಂದರು. ಅವತ್ತು ಸಾಂತಾ ಮರಿಯಾ ಹಬ್ಬ. ಮಾಲ್ಟಾದವರು ಆ ಹಡಗುಗಳನ್ನು ಕರೆಯುವುದೇ ಸಾಂತಾ ಮರಿಯಾ ಹಡಗುಗಳು ಎಂದು.

ಯುದ್ಧಕ್ಕೆ ಮುಂಚೆ ಊರೊಳಗೆ 20 ಸಾವಿರಕ್ಕೂ ಹೆಚ್ಚು ಜನ ಇದ್ದರು. ಹೋದವರಲ್ಲಿ ಬಹಳ ಮಂದಿ ವಾಪಸ್ ಬರಲಿಲ್ಲ. ಈಗ ಹಳೇ ಮನೆಗಳು ಒಂದೊಂದಾಗಿ ಹೋಟೆಲ್ ಆಗುತ್ತಿವೆ. ಬಣ್ಣದ ಮರದ ಬಾಲ್ಕನಿ, ಅವರು ಗಲ್ಲರೀಯಾ ಎನ್ನುತ್ತಾರೆ, ಫೋಟೋದಲ್ಲಿ ಚಂದ. ಆದರೆ ಅದರೊಳಗಿಂದ ಹಗ್ಗಕ್ಕೆ ಬುಟ್ಟಿ ಕಟ್ಟಿ ಬೀದಿಗೆ ಇಳಿಸಿ ಬ್ರೆಡ್ಡು ತೆಗೆದುಕೊಳ್ಳುವ ಅಜ್ಜಿಯರು ಕಡಿಮೆಯಾಗುತ್ತಿದ್ದಾರೆ.

ಇನ್ನು ಬಾಗಿಲಿನ ವಿಷಯ. ನೀವು ಬಸ್ ಇಳಿದು ಟ್ರೈಟನ್ ಕಾರಂಜಿ ದಾಟಿ, ಆಳವಾದ ಕಂದಕದ ಮೇಲಿನ ಸೇತುವೆಯಲ್ಲಿ ಊರು ಹೊಗುತ್ತೀರಿ. ಅಲ್ಲಿ ಈಗಿರುವುದು ಐದನೇ ಬಾಗಿಲು. ಅದರಲ್ಲಿ ಬಾಗಿಲೇ ಇಲ್ಲ. ಕಮಾನಿಲ್ಲ, ಮೇಲ್ಚಾವಣಿ ಇಲ್ಲ. ಗೋಡೆ ಕತ್ತರಿಸಿದ ಹಾಗೆ ಒಂದು ತೆರಪು, ಅಷ್ಟೇ. ಇಟಲಿಯ ವಾಸ್ತುಶಿಲ್ಪಿ ರೆಂಜೊ ಪಿಯಾನೊ ಮಾಡಿದ್ದು. ಒಳಗೆ ಕಾಲಿಟ್ಟರೆ ಬಲಕ್ಕೆ ಅವನೇ ಕಟ್ಟಿದ ಪಾರ್ಲಿಮೆಂಟು. 2015ರಲ್ಲಿ ಶುರುವಾಯಿತು. ಕಲ್ಲಿನ ತುಂಬಾ ತೂತುತೂತು. ಬಿಸಿಲು ಹದ ಮಾಡಲು ಹಾಗಿದೆ. ಊರವರು ಅದಕ್ಕೆ ಚೀಸ್ ತುರಿಯುವ ಮಣೆ ಎಂದು ಹೆಸರಿಟ್ಟರು. ಪಕ್ಕದಲ್ಲೇ ಬಾಂಬಿಗೆ ಬಿದ್ದ ಆಪೆರಾ ಹೌಸಿನ ಮುರುಕು ಕಂಬಗಳು. ಅದನ್ನು ಮತ್ತೆ ಕಟ್ಟಿ ಎಂದವರು ಬಹಳ. ಪಿಯಾನೊ ಕಟ್ಟಲಿಲ್ಲ, ಕಂಬಗಳ ನಡುವೆ ಬಯಲು ರಂಗಮಂದಿರ ಮಾಡಿದ. ಜಗಳ ಇನ್ನೂ ಮುಗಿದಿಲ್ಲ. ನನ್ನ ಮತ ಪಿಯಾನೊಗೆ.

ಅಲ್ಲಿಂದ ರಿಪಬ್ಲಿಕ್ ಸ್ಟ್ರೀಟ್ ಹಿಡಿದು ನೇರ ನಡೆದರೆ ಹದಿನೈದು ಇಪ್ಪತ್ತು ನಿಮಿಷಕ್ಕೆ ಎಲ್ಮೋ ಕೋಟೆ. ದಾರಿಯಲ್ಲಿ ಕೋರ್ಟಿನ ಎದುರು ಮುತ್ತಿಗೆಯ ಸ್ಮಾರಕವಿದೆ. ಅದರ ಬುಡದಲ್ಲಿ ಹೂವು, ಮೇಣದಬತ್ತಿ, ಒಬ್ಬ ಹೆಂಗಸಿನ ಫೋಟೋ. ಆಕೆ ಡಾಫ್ನೆ ಕರುವಾನಾ ಗಲಿಝಿಯಾ, ಭ್ರಷ್ಟಾಚಾರದ ಬಗ್ಗೆ ಬರೆಯುತ್ತಿದ್ದ ಪತ್ರಕರ್ತೆ. 2017ರ ಅಕ್ಟೋಬರ್ 16ರಂದು ಕಾರಿಗೆ ಬಾಂಬಿಟ್ಟು ಕೊಂದರು. ಜನ ಹೂವಿಡುತ್ತಿದ್ದರು, ಸರ್ಕಾರದ ಕಡೆಯವರು ತೆಗೆಸುತ್ತಿದ್ದರು, ಮರುದಿನ ಮತ್ತೆ ಹೂವು. 2020ರಲ್ಲಿ ಕೋರ್ಟು, ತೆಗೆಸಿದ್ದು ತಪ್ಪು ಎಂದಿತು.

ನೋಡಲೇಬೇಕಾದ್ದು ಇನ್ನೂ ಎರಡು ಹೇಳಿ ನಿಲ್ಲಿಸುತ್ತೇನೆ. ಒಂದು, ಪುರಾತತ್ವ ಮ್ಯೂಸಿಯಂನಲ್ಲಿರುವ ಮಲಗಿದ ಹೆಂಗಸಿನ ಮಣ್ಣಿನ ಬೊಂಬೆ. ಅಂಗೈಯಲ್ಲಿ ಹಿಡಿಯುವಷ್ಟು ಚಿಕ್ಕದು. ನೈಟ್‌ಗಳಿಗಿಂತ ನಾಲ್ಕೂವರೆ ಸಾವಿರ ವರ್ಷ ಹಳೆಯದು. ಈ ದ್ವೀಪದ ಕತೆ ನೈಟ್‌ಗಳಿಂದ ಶುರುವಾಗಲಿಲ್ಲ ಎಂದು ಆಕೆ ಮಲಗಿಕೊಂಡೇ ಹೇಳುತ್ತಾಳೆ. ಇನ್ನೊಂದು, ಅಪ್ಪರ್ ಬರಾಕ್ಕಾ ಉದ್ಯಾನ. ಮಧ್ಯಾಹ್ನ 12ಕ್ಕೆ ಅಲ್ಲಿ ಫಿರಂಗಿ ಹಾರಿಸುತ್ತಾರೆ. ಹಿಂದೆ ಹಡಗಿನವರು ಅದನ್ನು ಕೇಳಿ ಗಡಿಯಾರ ಸರಿ ಮಾಡಿಕೊಳ್ಳುತ್ತಿದ್ದರು. ಐದು ನಿಮಿಷ ಮೊದಲೇ ಹೋಗಿ ಕಟಕಟೆ ಹಿಡಿದು ನಿಲ್ಲಿ. ಎದುರಿಗೇ ಬಿರ್ಗು ಕಾಣುತ್ತದೆ.

(ಇಲ್ಲಿಗೆ ಮಾತು ಮುಗಿಸಿದ್ದೆ. ಮುಂದಿನವು ಪ್ರಶ್ನೆಗಳು.)

ಅವರ ಭಾಷೆ ಯಾವುದು ಎಂದು ಒಬ್ಬರು ಕೇಳಿದರು. ಮಾಲ್ಟೀಸ್. ಹುಟ್ಟು ಅರಬ್ಬಿಯಿಂದ, ಲಿಪಿ ರೋಮನ್, ನಡುನಡುವೆ ಬೇಕಾದಷ್ಟು ಇಟಾಲಿಯನ್. ಜನ ಕಟ್ಟಾ ಕ್ಯಾಥೊಲಿಕ್ಕರು, ಆದರೆ ದೇವರಿಗೆ ಅವರು ಹೇಳುವ ಹೆಸರು ಅಲ್ಲಾ. ಈಸ್ಟರಿಗೆ ಮುಂಚಿನ ನಲವತ್ತು ದಿನದ ಉಪವಾಸಕ್ಕೆ ರಂದಾನ್, ರಂಜಾನ್ ಇದ್ದ ಹಾಗೆ. ನಮ್ಮ ‘ಹಕ್ಕು’ ಅರಬ್ಬಿಯಿಂದ ಬಂದದ್ದಲ್ವಾ, ಅದೇ ಮಾತು ಅಲ್ಲಿ ನ್ಯಾಯ ಎಂಬ ಅರ್ಥದಲ್ಲಿದೆ. ವಲೆಟ್ಟಾ ಎಂದು ಊರವರು ಕರೆಯುವುದು ಅಪರೂಪ. ಇಲ್-ಬೆಲ್ತ್ ಎನ್ನುತ್ತಾರೆ. ಪೇಟೆ, ಅಷ್ಟೇ. ‘ಪೇಟೆಗೆ ಹೋಗಿಬರ್ತೀನಿ’ ಎನ್ನುವ ಹಾಗೆ.

ಸಸ್ಯಾಹಾರಿಗಳಿಗೆ ಏನು ಸಿಗುತ್ತದೆ ಎಂಬುದು ನಿರೀಕ್ಷಿಸಿದ್ದ ಪ್ರಶ್ನೆ. ಪಾಸ್ತಿಜ್ಜಿ ಎಂಬ ಪದರಪದರದ ಗರಿಗರಿ ತಿಂಡಿ ಇದೆ. ನಮ್ಮ ಬೇಕರಿ ಪಫ್‌ನ ಅಣ್ಣ. ಒಳಗೆ ಬಟಾಣಿ ಅಥವಾ ರಿಕೊಟ್ಟಾ ಚೀಸು. ಬಟಾಣಿಯದ್ದು ತಿನ್ನಬಹುದು ಅಂದುಕೊಳ್ಳಬೇಡಿ, ಹಿಟ್ಟಿಗೆ ಹಂದಿಯ ಕೊಬ್ಬು ಹಾಕುವವರೂ ಇದ್ದಾರೆ. ಕೇಳಿ ತೆಗೆದುಕೊಳ್ಳಿ.

ಕೊನೆಯ ಪ್ರಶ್ನೆ ಹಿಂದಿನ ಸಾಲಿನ ಹುಡುಗನದ್ದು. ಆ ಗಿಡುಗದ ಬಾಡಿಗೆ ಈಗಲೂ ಕೊಡುತ್ತಾರಾ ಎಂದ. ನೈಟ್‌ಗಳು 1798ರಲ್ಲಿ ಹೊರಬಿದ್ದ ಮೇಲೆ ಅದು ನಿಂತಿತು. ಆದರೆ ನೈಟ್‌ಗಳು ಸತ್ತಿಲ್ಲ. ಪಂಥ ಈಗ ರೋಮಿನಲ್ಲಿದೆ. ಆಸ್ಪತ್ರೆ, ಆಂಬುಲೆನ್ಸ್ ನಡೆಸುತ್ತದೆ. ತನ್ನದೇ ಅಂಚೆಚೀಟಿ, ತನ್ನದೇ ಪಾಸ್‌ಪೋರ್ಟು, ದೇಶಗಳಿಗೆ ರಾಯಭಾರಿಗಳು. ಆಳಲು ನೆಲ ಮಾತ್ರ ಇಲ್ಲ. 1998ರಲ್ಲಿ ಅವರು ಮಾಲ್ಟಾಕ್ಕೆ ಮತ್ತೆ ಬಂದರು, ಗುತ್ತಿಗೆಗೆ ಜಾಗ ಪಡೆದು. ಬಂದರಿನ ಆಚೆ ದಡದಲ್ಲಿ, ಕರವಾಜೊ ಹಗ್ಗ ಇಳಿಬಿಟ್ಟು ಓಡಿಹೋದ ಆ ಸೇಂಟ್ ಆ್ಯಂಜೆಲೋ ಕೋಟೆಯ ಒಂದು ಭಾಗವನ್ನು ಮಾಲ್ಟಾ ಸರ್ಕಾರ ಅವರಿಗೆ 99 ವರ್ಷಕ್ಕೆ ಬಿಟ್ಟುಕೊಟ್ಟಿದೆ.